ಫ್ಯಾಟ್ ಕಮ್ಮಿ ಬಂದ ಬೆಳಿಗ್ಗೆ

ಏನ್ರಪ್ಪಾ, ಇವತ್ತು ಬೆಳಿಗ್ಗೆ ನಮ್ಮೂರ ಹಾಲಿನ ಡೈರಿ ಮುಂದೆ ನನ್ನ ತಲೆ ಕೆಟ್ಟುಹೋಯಿತು. ಹಾಲು ತಂದಿದ್ದ ರೂಪಾ ಕ್ಯಾನ್ ಇಳಿಸಿದವಳೇ ತಲೆ ಸುತ್ತಿ ಕುಸಿದು ಕುಳಿತಳು. ಬಸುರಿಯಾಗಿದ್ದಾಗ ಅವಳಿಗೆ ಶುಗರ್ ಬಂದಿತ್ತು.

"ಹೆರಿಗೆ ಆದ್ಮೇಲೂ ಟೆಸ್ಟಿಗೆ ಬಾ ಅಂದಿದ್ರು ಅಣ್ಣ, ಇವ್ರು ಕರ್ಕೊಂಡೇ ಹೋಗ್ಲಿಲ್ಲ," ಎಂದಳು.

ಗಂಡ ನಾಗರಾಜ ನಕ್ಕ. "ಮಗು ಆಚೆ ಬಂತು, ಶುಗರೂ ಹೋಯ್ತು ಕಣಣ್ಣ. ಟೆಸ್ಟು ಯಾಕೆ?"

ಅಷ್ಟರಲ್ಲಿ ಡೈರಿಯವರು ಟೆಸ್ಟ್ ಮಾಡಿದಾಗ ಅವರ ಹಾಲಿಗೆ ಫ್ಯಾಟ್ ಕಮ್ಮಿ ಬಂತು, ಅಂದರೆ ರೇಟೂ ಕಮ್ಮಿ. ನಾಗರಾಜನ ನಗು ಹಾರಿಹೋಯಿತು. "ಇನ್ನೊಂದ್ಸಲ ಟೆಸ್ಟ್ ಮಾಡಿ ಸಾರ್! ಹಸೂಗೆ ಏನೋ ಆಗೈತೆ, ಈಗ್ಲೇ ಡಾಕ್ಟರನ್ನ ಕರೆಸ್ತೀನಿ."

ಅವನಿಗೆ ಬೈದು, ರೂಪಾಳನ್ನು ನನ್ನ ಬೂಸಾ ಗಾಡಿಯಲ್ಲೇ ಆಸ್ಪತ್ರೆಗೆ ಕರೆದೊಯ್ದೆ. ಶುಗರ್ ಎಲ್ಲೂ ಹೋಗಿರಲಿಲ್ಲ, ಮುನ್ನೂರು ದಾಟಿತ್ತು. ಫೋನ್ ಮಾಡಿ ಹೇಳಿದರೆ ಮಹರಾಯ ಕೇಳಿದ್ದು, "ಸಂಜೆ ಹಾಲು ಕರೆಯೋ ಹೊತ್ಗೆ ಬಂದ್ಬಿಡ್ತಾಳೆ ತಾನೇ?"

ನಮ್ಮೂರಲ್ಲಿ ಹಾಲಿಗೆ ದಿನಾ ಎರಡು ಹೊತ್ತು ಟೆಸ್ಟು. ಅದನ್ನು ಕರೆದು ತರುವವಳಿಗೆ ಗಂಡನ ಬಾಯಿಮಾತೇ ರಿಪೋರ್ಟು.