ಮೂರು ಯಂತ್ರ, ಒಂದೇ ಸಾಲು

ಬೀದರಿನ ನಮ್ಮ ಸ್ಟುಡಿಯೊ ಎರಡು ಕೋಣೆಯದು. ಪಾಲುದಾರ ನನ್ನ ಗೆಳೆಯ. ಅವನ ತಂದೆ ರೇಡಿಯೊ ರಿಪೇರಿ ಮಾಡುತ್ತಿದ್ದರು, ಹಾಗಾಗಿ ಯಂತ್ರದ ವಿಷಯದಲ್ಲಿ ತನ್ನದೇ ಕೊನೆಯ ಮಾತು ಎಂದು ಅವನ ನಂಬಿಕೆ. ಹಟ ನನಗೂ ಕಡಿಮೆಯಿಲ್ಲ. ದನಿ ಏರಿದಾಗ ತಾನಾಗಿ ತಗ್ಗಿಸುವ ಕಂಪ್ರೆಸರ್‌ಗಳು ನಮ್ಮಲ್ಲಿ ಮೂರಿದ್ದವು. ಒಂದರೊಳಗೆ ದೀಪ: ದನಿ ಏರಿದಷ್ಟೂ ಅದು ಬೆಳಗುತ್ತದೆ, ಎದುರಿನ, ಬೆಳಕು ಗ್ರಹಿಸುವ ಸೆಲ್ ಅದಕ್ಕೆ ತಕ್ಕಂತೆ ನಿಧಾನವಾಗಿ ದನಿ ತಗ್ಗಿಸುತ್ತದೆ. ಇನ್ನೊಂದು ಟ್ರಾನ್ಸಿಸ್ಟರಿನದು, ಏರಿದ ದನಿಯನ್ನು ಗಪ್ಪನೆ ಹಿಡಿಯುತ್ತದೆ. ಮೂರನೆಯದು ಐಸಿ ಚಿಪ್ಪಿನದು, ಹೇಳಿದಷ್ಟೇ ಮಾಡುತ್ತದೆ. ಅವನು ದೀಪದ ಪಕ್ಷ, ನಾನು ಐಸಿಯ ಪಕ್ಷ.

ಅಂಥದರಲ್ಲಿ ಔರಾದಿನಿಂದ ಅತ್ತೆ ಬಂದಳು, ನನ್ನ ಅಪ್ಪನ ಅಕ್ಕ. ಭಾಲ್ಕಿಯ ಡಾಕ್ಟರು ಗಂಟಲಿಗೆ ಆಪರೇಷನ್ ಹೇಳಿದ್ದರು, ಆಮೇಲೆ ದನಿ ಉಳಿಯುವ ಖಾತ್ರಿ ಇರಲಿಲ್ಲ. ಅವಳ ತಾಯಿ ಕಲಿಸಿದ ಜೋಗುಳವೊಂದು ಬೇರೆ ಯಾರಿಗೂ ಬಾರದು. ಅದನ್ನು ಮೊಮ್ಮಗಳಿಗೆ ಉಳಿಸಬೇಕಿತ್ತು.

"ಒಂದ ಹಾಡ ಅದ, ಹಾಡಿ ಹೋಗ್ತೇನಿ" ಎಂದಳು.

ಟ್ರಾನ್ಸಿಸ್ಟರಿನದರಲ್ಲಿ ರೆಕಾರ್ಡಿಂಗ್ ಶುರು ಮಾಡಿದೆವು. ಮೊದಲ ಸಾಲಿಗೇ ಗೆಳೆಯ ಕೈ ಎತ್ತಿ ನಿಲ್ಲಿಸಿದ. "ಅತ್ತಿ, ಈಗ ದೀಪದ್ದರಾಗ ಒಮ್ಮಿ ಹಾಡ್ರಿ. ದನಿಗಿ ಜೀವ ಬರ್ತದ." ಆಮೇಲೆ ಐಸಿಯದರಲ್ಲಿ ಒಮ್ಮೆ ಎಂದು ನಾನು. ಮತ್ತೆ ಅವನು. ಭಜನೆಯ ಮೈಕಿನ ರೂಢಿ ಅವಳಿಗೆ. ದನಿ ಏರುವಲ್ಲಿ ತಾನೇ ಹಿಂದೆ ಸರಿಯುತ್ತಿದ್ದಳು. ಯಂತ್ರಕ್ಕೆ ಮಾಡಲು ಏನೂ ಉಳಿಯುತ್ತಿರಲಿಲ್ಲ. ನಾನು, ಮಹಾ ಪಂಡಿತ, ಗದರಿದೆ: "ಹಿಂದ ಸರೀಬ್ಯಾಡ್ರಿ ಅತ್ತಿ. ಮಷಿನ್ ನೋಡ್ಕೋತದ."

ಅದೇ ಸಾಲು ಒಂಬತ್ತು ಸಲ ಆಯಿತು.

"ಆಯ್ತೇನಪ್ಪಾ ನಿಮ್ಮದು? ಈಗ ಪೂರಾ ಹಾಡ್ಲಿ?" ಎಂದು ಶುರು ಮಾಡಿದಳು. ಎರಡನೆಯ ಸಾಲಿನಲ್ಲಿ ದನಿ ಒಡೆಯಿತು. ಬಿಸಿನೀರು ಕುಡಿದು ಮತ್ತೆರಡು ಸಲ ಹಾಡಿ ನೋಡಿದಳು, ದನಿ ಏಳಲಿಲ್ಲ. ಆಮೇಲೆ ಚೀಲ ಎತ್ತಿಕೊಂಡು ಬಸ್ಸಿಗೆ ಹೊರಟಳು. ಮೂರು ದಿನಕ್ಕೆ ಆಪರೇಷನ್ ಆಯಿತು.

ಒಮ್ಮೆ ಯಾವ ಕಂಪ್ರೆಸರ್ರೂ ಇಲ್ಲದೆ ಪೂರ್ತಿ ಹಾಡಿಸಿ, ಅದೇ ರೆಕಾರ್ಡಿಂಗನ್ನು ಆಮೇಲೆ ಮೂರರಲ್ಲೂ ಹಾಯಿಸಿ ನೋಡಬಹುದಿತ್ತು. ನಿನ್ನೆ ಈ ಕಸುಬಿಗೆ ಬಂದವರಿಗೂ ಗೊತ್ತಿರುವ ಮಾತು. ಜಗಳದ ಭರದಲ್ಲಿ ನಮ್ಮಿಬ್ಬರಿಗೂ ಹೊಳೆಯಲಿಲ್ಲ. ನೆನೆದರೆ ತಲೆ ಚಚ್ಚಿಕೊಳ್ಳುವ ಹಾಗಾಗುತ್ತದೆ. ಗೆಳೆಯನಂತೂ ಇವತ್ತಿಗೂ ದೀಪದ್ದೇ ಚೆನ್ನಾಗಿ ಬಂದಿದೆ ಎನ್ನುತ್ತಾನೆ.

ಅತ್ತೆಯ ದನಿ ಮರಳಲಿಲ್ಲ. ಜೋಗುಳದ ಮಾತುಗಳನ್ನು ಪಿಸುಗುಟ್ಟಿ ಬರೆಸಿದಳು, ರಾಗ ಪಿಸುಮಾತಿನಲ್ಲಿ ಬರುವುದಿಲ್ಲ. ಹೋದ ಸಲ ಔರಾದಿಗೆ ಹೋದಾಗ ಮೊಮ್ಮಗಳು ಫೋನಿನಲ್ಲಿ ಆ ಸಾಲನ್ನು ಮೂರು ಬಗೆಯಲ್ಲೂ ಕೇಳಿ ನನ್ನ ಕಡೆ ನೋಡಿದಳು.

"ಮಾಮಾ, ಮುಂದಿಂದು?"

ಪಕ್ಕದಲ್ಲಿ ಕೂತಿದ್ದ ಅತ್ತೆ ತುಟಿ ಆಡಿಸಿದಳು. ಹುಡುಗಿ ಅವಳ ಬಾಯಿಗೆ ಕಿವಿ ಹಚ್ಚಿ ಕಾಯುತ್ತಲೇ ಇದ್ದಳು.