ಡೈನಾಮಿಕ್ಸ್ ಪೇಪರಿನ ತಪ್ಪು ಬಾಣ

ಮೂರನೇ ಸಲವೂ ಡೈನಾಮಿಕ್ಸ್‌ನಲ್ಲಿ ಫೇಲಾಗಿದ್ದೇನೆ ಅಂತ ಗೊತ್ತಾದಾಗ ನಾನು ಕೊಟ್ಟೂರಿನ ಬಸ್ಸಿನಲ್ಲಿ ನಿಂತಿದ್ದೆ. ಒಂದು ಕೈಯಲ್ಲಿ ಮೇಲಿನ ಕಂಬಿ, ಇನ್ನೊಂದು ಕೈಯಲ್ಲಿ ಫೋನು. ನೆಟ್‌ವರ್ಕ್ ಬಂದು ಹೋಗಿ ಮಾಡುತ್ತಿತ್ತು. ಕೊನೆಗೆ ಫಲಿತಾಂಶದ ಪುಟ ತೆರೆದುಕೊಂಡಿತು. ಸೀಟಿನಲ್ಲಿ ಕೂತಿದ್ದ ಇಟ್ಟಿಗಿ ಊರಿನ ಗೆಳತಿ ನನ್ನ ಮುಖ ನೋಡಿ, “ಏನಾತಲೇ?” ಅಂದಳು. ನಾನು ಫೋನನ್ನು ಅವಳ ಕೈಗೆ ಕೊಟ್ಟೆ. ಅವಳು ನೋಡಿ ವಾಪಸ್ ಕೊಟ್ಟು, ಎದ್ದು ನನ್ನನ್ನು ತನ್ನ ಸೀಟಿನಲ್ಲಿ ಕೂಡಿಸಿದಳು. ಕಾಯಿಲೆಯವರಿಗೆ ಜಾಗ ಬಿಟ್ಟಂತೆ. ಅದಕ್ಕೇ ನನಗೆ ಹೆಚ್ಚು ಸಿಟ್ಟು ಬಂತು.

ನಾನು ಹತ್ತನೇ ತರಗತಿಯವರೆಗೆ ಕನ್ನಡದಲ್ಲಿ ಓದಿದವಳು. ಆಮೇಲೆ ಡಿಪ್ಲೊಮಾ ಮುಗಿಸಿ ಮೆಕ್ಯಾನಿಕಲ್ ಇಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ನೇರವಾಗಿ ಸೇರಿದೆ. ಕ್ಲಾಸಿನಲ್ಲಿ ಹುಡುಗಿಯರೆಂದರೆ ನಾನು ಮತ್ತು ಇಟ್ಟಿಗಿಯವಳು, ಇಬ್ಬರೇ. ಉಳಿದ ವಿಷಯಗಳು ಹೇಗೋ ಸಾಗಿದವು. ಡೈನಾಮಿಕ್ಸ್ ಮಾತ್ರ ಸಾಗಲಿಲ್ಲ. ಓಡುವ, ತಿರುಗುವ, ಜಾರುವ ವಸ್ತುಗಳ ಮೇಲೆ ಯಾವ ಯಾವ ಬಲ ಯಾವ ಕಡೆಗೆ ಕೆಲಸ ಮಾಡುತ್ತದೆ ಅನ್ನುವ ಲೆಕ್ಕ ಅದು. ಮೊದಲು ವಸ್ತುವಿನ ಚಿತ್ರ ಬರೆಯಬೇಕು, ಅದಕ್ಕೆ ಬಾಣಗಳನ್ನು ಹಾಕಬೇಕು, ಬಾಣಗಳಿಂದ ಸಮೀಕರಣ ಕಟ್ಟಬೇಕು. ಸಮೀಕರಣ ಬಿಡಿಸುವುದು ನನಗೆ ಚೆನ್ನಾಗಿಯೇ ಬರುತ್ತಿತ್ತು. ಬಾಣ ಹಾಕುವಾಗಲೇ ಕೈ ನಿಲ್ಲುತ್ತಿತ್ತು.

ಪಾಠ ಮಾಡುವ ಸರ್ ಬೋರ್ಡಿನ ಕಡೆ ಮುಖ ಮಾಡಿ ತಮ್ಮ ಹಳೆಯ ನೋಟ್ಸಿನಿಂದ ಇಂಗ್ಲಿಷಿನಲ್ಲಿ ಬರೆಯುತ್ತಾ ಹೋಗುತ್ತಿದ್ದರು. ಒಂದು ದಿನ ಧೈರ್ಯ ಮಾಡಿ ಎದ್ದು ನಿಂತು, “ಸರ್, ಅಲ್ಲಿ ಮೈನಸ್ ಯಾಕೆ ಬಂತು?” ಅಂತ ಕೇಳಿದೆ. ಅವರು ತಿರುಗದೆಯೇ, “ಅಲ್ಲಿ ಮೈನಸ್ ಬರ್ತದಮ್ಮ, ಬರ್ಕೋ” ಅಂದರು. ಹಿಂದಿನ ಬೆಂಚು ನಕ್ಕಿತು. ನಾನು ಬರೆದುಕೊಂಡೆ. ಆ ವರ್ಷವೆಲ್ಲ ಹಾಗೆ ಬರೆದುಕೊಂಡದ್ದೇ ಆಯಿತು.

ನಮ್ಮಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಬಸ್ಸು ಗೇಟಿನೊಳಗೆ ಬರುವ ಸದ್ದಿನಲ್ಲೇ ಯಾವ ಚಕ್ರದ ಬೇರಿಂಗ್ ಹೋಗಿದೆ ಅಂತ ಹೇಳುವಷ್ಟು ಅನುಭವ. ಹಾಗಾಗಿ ಓಣಿಯವರೆಲ್ಲ ನನಗೆ, “ನಿನಗೇನು ಬಿಡವ್ವ, ಮನ್ಯಾಗ ಮಾಸ್ತರ ಅದಾನ” ಅನ್ನುತ್ತಿದ್ದರು. ಎರಡನೇ ಸಲ ಫೇಲಾದ ಮೇಲೆ ಅಪ್ಪನೂ ಅದನ್ನು ನಂಬಿದಂತೆ ಕಂಡಿತು. ಒಂದು ಭಾನುವಾರ ತಲೆಗೆ ಎಣ್ಣೆ ಹಚ್ಚಿಕೊಂಡು ನನ್ನ ಎದುರು ಚಾಪೆಯ ಮೇಲೆ ಕೂತ.

“ತೋರ್ಸು ನೋಡಾಣ, ಅದೇನು ನಿನ್ನ ಡೈನಾಮಿಕ್ಸು.”

ತಿರುವಿನಲ್ಲಿ ಹೋಗುವ ಗಾಡಿಯ ಪಾಠವಿತ್ತು. ಹೊರಗಡೆ ನೂಕುವ ಬಲ ಅಂತ ನಿಜವಾಗಿ ಒಂದು ಇಲ್ಲ, ಒಳಗಡೆ ಎಳೆಯುವುದು ಮಾತ್ರ ಇದೆ ಅಂತ ಪುಸ್ತಕದಲ್ಲಿ ಬರೆದದ್ದನ್ನು ಕನ್ನಡ ಮಾಡಿ ಹೇಳಿದೆ. ಅಪ್ಪ ನಕ್ಕುಬಿಟ್ಟ.

“ಇಲ್ಲ ಅಂದ್ರ? ತಿರುವಿನ್ಯಾಗ ಬಸ್ಸಿನ ಮಂದಿ ಎಲ್ಲಾ ಹೊರಗಡಿ ವಾಲ್ತಾರಲ್ಲ, ಮತ್ತ ಅವರನ್ನ ನೂಕೋರು ಯಾರು?”

ನನಗೆ ಪುಸ್ತಕದ ಸಾಲು ಮಾತ್ರ ಗೊತ್ತಿತ್ತು. ಅದನ್ನೇ ಇನ್ನೊಮ್ಮೆ ಹೇಳಿದೆ. ಅಪ್ಪ ಬಿಡಲಿಲ್ಲ. ಮೂಲೆಯಲ್ಲಿದ್ದ ಬಕೆಟ್ಟಿಗೆ ನೀರು ತುಂಬಿ, ಅಂಗಳದಲ್ಲಿ ತಲೆಯ ಮೇಲಿಂದ ಗಿರ್ರನೆ ತಿರುಗಿಸಿ, “ಈ ನೀರು ಚೆಲ್ಲಂಗಿಲ್ಲ, ನೋಡು. ಯಾರು ಒತ್ತಿ ಹಿಡದಾರ?” ಅಂದ. ಅವನಿಗೆ ಅದು ಆಟದಂತೆ ಖುಷಿ ಕೊಡುತ್ತಿತ್ತು. ನನಗೆ ತಡೆಯಲಾರದಷ್ಟು ಸಿಟ್ಟು. “ನಿನಗ ಇದು ತಿಳಿಯಂಗಿಲ್ಲ ಬಿಡಪ್ಪ. ಸ್ಪ್ಯಾನರ್ ಹಿಡದಂಗಲ್ಲ ಇದು” ಅಂದುಬಿಟ್ಟೆ.

ಅಪ್ಪ ಬಕೆಟ್ಟು ಕೆಳಗಿಟ್ಟ. ನೀರನ್ನು ತುಳಸಿ ಗಿಡಕ್ಕೆ ಸುರಿದು, ಅಂಗಿ ಹಾಕಿಕೊಂಡು ಹೊರಗೆ ಹೋದ. ಅಡುಗೆಮನೆಯಿಂದ ಅವ್ವ, “ಏನಂದಿ ಅಪ್ಪಗ?” ಅಂತ ಕೇಳಿದಳು. ನಾನು ಪುಸ್ತಕದ ಪುಟ ಮಗುಚಿದೆ.

ಬಸ್ಸಿನಲ್ಲಿ ಫಲಿತಾಂಶ ನೋಡಿದ ಆ ಮೂರನೇ ಸಲ, ಉತ್ತರಪತ್ರಿಕೆಯ ಜೆರಾಕ್ಸ್ ಪ್ರತಿಗೆ ಅರ್ಜಿ ಹಾಕಿದೆ. ಎಲ್ಲಿ ತಪ್ಪುತ್ತಿದ್ದೇನೆ ಅಂತ ಒಂದು ಸಲವಾದರೂ ಕಣ್ಣಿಂದ ನೋಡಬೇಕಿತ್ತು. ಒಂದು ಲೆಕ್ಕದಲ್ಲಿ ಲಾರಿಯ ಮೇಲೊಂದು ಪೆಟ್ಟಿಗೆ ಇತ್ತು. ಪೆಟ್ಟಿಗೆ ಜಾರದಂತೆ ಲಾರಿ ಎಷ್ಟು ಬೇಗ ವೇಗ ಹೆಚ್ಚಿಸಿಕೊಳ್ಳಬಹುದು ಅನ್ನುವುದು ಪ್ರಶ್ನೆ. ನನ್ನ ಉತ್ತರ ಮೈನಸ್ ಬಂದಿತ್ತು, ಲಾರಿ ಹಿಂದಕ್ಕೆ ಓಡುತ್ತಿದೆ ಅನ್ನುವಂತೆ. ನಾನು ಆ ಮೈನಸ್ಸನ್ನು ಹೊಡೆದುಹಾಕಿ ಸುಮ್ಮನೆ ಅಂಕಿ ಉಳಿಸಿದ್ದೆ. ಹೊಡೆದುಹಾಕಿದ ಜಾಗದ ಸುತ್ತ ಕೆಂಪು ಇಂಕಿನ ವೃತ್ತ ಬಿದ್ದಿತ್ತು. ಕಳ್ಳಿ ಸಿಕ್ಕಿಬಿದ್ದಂತೆ ಅನಿಸಿತು.

ಅದನ್ನು ಹಿಡಿದುಕೊಂಡು ಸರ್ ಹತ್ತಿರ ಹೋದೆ. ಅವರು ನಿಂತಲ್ಲೇ ಒಮ್ಮೆ ಕಣ್ಣಾಡಿಸಿ, “ಏಳೆಂಟು ಮಾದರಿ ಲೆಕ್ಕ ಬಾಯಿಪಾಠ ಮಾಡು. ಅವೇ ತಿರುಗಿಮುರುಗಿ ಬರ್ತವೆ. ಅರ್ಥ ಆಗ್ಲೇಬೇಕು ಅಂತ ಕೂತ್ರೆ ಡಿಗ್ರಿ ಮುಗಿಯಲ್ಲ” ಅಂದರು. ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ. ನಾನು ಪಾಸಾಗಲಿ ಅಂತಲೇ ಹೇಳಿದ್ದು. ಆದರೆ ಬಾಯಿಪಾಠ ಮಾಡಿಯೇ ಮೂರು ಸಲ ಬಿದ್ದಿದ್ದೆ.

ಲ್ಯಾಬಿನ ಮೆಟ್ಟಿಲ ಮೇಲೆ ಕೂತು ಅದೇ ಹಾಳೆ ನೋಡುತ್ತಿದ್ದೆ. ಲ್ಯಾಬ್ ನೋಡಿಕೊಳ್ಳುವವರು ಬೀಗ ಹಾಕಲು ಬಂದರು. ಹರಪನಹಳ್ಳಿ ಹತ್ತಿರದ ಅರಸೀಕೆರೆ ಕಡೆಯವರು, ರಿಟೈರಾಗುವ ವಯಸ್ಸು, ಕ್ಲಾಸಿನಲ್ಲಿ ಪಾಠ ಮಾಡುವವರಲ್ಲ. “ಯಾಕವ್ವ, ಇನ್ನಾ ಹೋಗಿಲ್ಲ?” ಅಂದವರು ನನ್ನ ಕೈಯಿಂದ ಹಾಳೆ ತೆಗೆದುಕೊಂಡು ಚಿತ್ರ ನೋಡಿದರು.

“ಈ ಬಾಣ ಏನು?”

“ಘರ್ಷಣೆ, ಸರ್.”

“ಹಿಂದಕ್ಕ ಯಾಕ ಹಾಕೀಯ?”

“ಘರ್ಷಣೆ ಚಲನೆಗೆ ವಿರುದ್ಧ ಇರ್ತೈತಿ ಅಲ್ಲರಿ? ಲಾರಿ ಮುಂದಕ್ಕ ಹೊಂಟೈತಿ.”

ಅವರು ಬೀಗದ ಕೈ ಜೇಬಿಗೆ ಹಾಕಿಕೊಂಡು ಪಕ್ಕದಲ್ಲೇ ಕೂತರು. “ಲಾರಿ ಬಿಡು. ಟ್ರ್ಯಾಕ್ಟರ್ ಟ್ರೇಲರಿನ್ಯಾಗ ಒಂದು ಶೇಂಗಾ ಚೀಲ ಇಟ್ಟೀಯ. ಹಗ್ಗ ಕಟ್ಟಿಲ್ಲ. ಟ್ರ್ಯಾಕ್ಟರ್ ಹೊಂಟಿತು, ಚೀಲಾನೂ ಹೊಂಟಿತು. ಚೀಲಾನ ಮುಂದಕ್ಕ ಒಯ್ಯೋರು ಯಾರು?”

“ಟ್ರ್ಯಾಕ್ಟರ್.”

“ಟ್ರ್ಯಾಕ್ಟರ್ ಏನು ಚೀಲಾನ ಕೈಯಾಗ ಹಿಡ್ಕಂಡೈತೇನು? ಚೀಲಕ್ಕ ತಾಗಿರೋದು ಏನು?”

“ಕೆಳಗಿನ ತಗಡು.”

“ಆ ತಗಡಿಗೆ ಎಣ್ಣಿ ಸುರುವಿದ್ರ?”

“ಚೀಲ ಅಲ್ಲೇ ಉಳಿತೈತಿ. ಟ್ರೇಲರ್ ಕೆಳಗಿಂದ ಜಾರಿ ಹೋಗ್ತೈತಿ.” ಹೇಳುತ್ತಾ ಹೇಳುತ್ತಾ ನನ್ನ ಮಾತು ನಿಧಾನವಾಯಿತು. ಎಣ್ಣೆ ಹೋಗಿ ಘರ್ಷಣೆ ಬಂದರೇನೇ ಚೀಲ ಮುಂದಕ್ಕೆ ಹೋಗುವುದು. ಚೀಲವನ್ನು ಮುಂದಕ್ಕೆ ಒಯ್ಯುವುದೇ ಘರ್ಷಣೆ. ಬಾಣ ಮುಂದಕ್ಕೆ ಇರಬೇಕು.

“ಅದು ಚಲನೆಗೆ ವಿರುದ್ಧ ಅಲ್ಲವ್ವ, ಜಾರೋದಕ್ಕ ವಿರುದ್ಧ” ಅಂತ ಹೇಳಿ ಅವರು ಎದ್ದರು. “ಒಂದು ಹಾಳಿಗೆ ಒಂದೇ ಚಿತ್ರ ಬರಿ, ದೊಡ್ಡದಾಗಿ. ಪ್ರತಿ ಬಾಣಕ್ಕೂ ಯಾರು ನೂಕಾಕತ್ಯಾರ ಅಂತ ಹೆಸರು ಬರಿ. ಹೆಸರು ಸಿಗದಿದ್ರ ಆ ಬಾಣ ತಗದು ಒಗಿ.”

ಅರ್ಥವಾದಾಗ ಖುಷಿಯಾಗುತ್ತದೆ ಅಂತ ಹೇಳುತ್ತಾರೆ. ನನಗೆ ಮೆಟ್ಟಿಲ ಮೇಲೆ ಅಳು ಬಂತು, ಸಿಟ್ಟಿನ ಅಳು. ಒಂದು ಚೀಲ, ಒಂದು ತಗಡು, ನಾಲ್ಕು ಪ್ರಶ್ನೆ. ಇಷ್ಟನ್ನು ಯಾರಾದರೂ ಮೊದಲ ತಿಂಗಳೇ ಕೇಳಿದ್ದರೆ? ಘರ್ಷಣೆ ಚಲನೆಗೆ ವಿರುದ್ಧ ಅಂತ ಡಿಪ್ಲೊಮಾದಲ್ಲಿ ಬರೆದುಕೊಂಡ ಒಂದು ಸಾಲನ್ನು ನಂಬಿ ಇಷ್ಟು ದಿನ ಕಳೆದಿದ್ದೆ.

ಮನೆಗೆ ಬಂದು ಅಪ್ಪನ ಮುಂದೆ ಕೂತು ಚೀಲದ ವಿಷಯ ಹೇಳಿದೆ. ಹೊರಗೆ ನೂಕುವವರ ಹೆಸರು ಹುಡುಕಿ ಸಿಗದೆ ತಿಳಿದುಕೊಂಡ ಬಸ್ಸಿನ ತಿರುವಿನದನ್ನೂ ಹೇಳಿದೆ. ಮಂದಿ ನೇರ ಹೋಗುತ್ತಿರುತ್ತಾರೆ, ಬಸ್ಸು ಅವರ ಕೆಳಗಿನಿಂದ ತಿರುಗುತ್ತದೆ, ಅದಕ್ಕೇ ಹೊರಗೆ ವಾಲಿದಂತೆ ಕಾಣುತ್ತದೆ ಅಂತ. ಅಪ್ಪ ರೊಟ್ಟಿ ಮುರಿಯುತ್ತಾ ಕೇಳಿಸಿಕೊಂಡು, “ಹೌದೇನು? ಇರಬೌದು” ಅಂದ. ಅವನು ವಾದ ಮಾಡಲಿ ಅಂತ ಕಾದೆ. ಮಾಡಲಿಲ್ಲ. ಆವತ್ತಿನ ಸ್ಪ್ಯಾನರ್ ಮಾತು ತಪ್ಪಾಯಿತು ಅಂತ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವನು ಕೈ ತೊಳೆಯಲು ಎದ್ದಿದ್ದ.

ನಾಲ್ಕನೇ ಸಲ ಪಾಸಾದೆ, ಹೇಳಿಕೊಳ್ಳುವಂಥ ಗ್ರೇಡಿನಲ್ಲೇನಲ್ಲ. ಅಷ್ಟರಲ್ಲಿ ಜೊತೆಯವರ ಕೋರ್ಸು ಮುಗಿದು ಅವರು ಕೆಲಸಕ್ಕೆ ಸೇರಿದ್ದರು, ನಾನು ಹಿಂದೆ ಉಳಿದಿದ್ದೆ. ಕೆಲಸಕ್ಕೆ ಆರಿಸಲು ಕಾಲೇಜಿಗೆ ಕಂಪನಿಯವರು ಬಂದಾಗ, ಯಾವುದಾದರೂ ವಿಷಯ ಒಮ್ಮೆಯಾದರೂ ಉಳಿಸಿಕೊಂಡವರು ಬೇರೆ ಸಾಲಿನಲ್ಲಿ ನಿಲ್ಲಬೇಕು ಅಂದರು. ನನ್ನಂಥವರೆಲ್ಲ ನಿಂತೆವು. ಆ ಸಾಲನ್ನು ಮಧ್ಯಾಹ್ನದವರೆಗೂ ಯಾರೂ ಕರೆಯಲಿಲ್ಲ. ಆಮೇಲೆ ಒಬ್ಬರು ಬಂದು ಹೋಗಬಹುದು ಅಂದರು.

ಈಗ ಹರಪನಹಳ್ಳಿ ಕಡೆಯ ಗುಡ್ಡಗಳ ಮೇಲಿನ ಗಾಳಿ ವಿದ್ಯುತ್ ಕಂಬಗಳನ್ನು ನೋಡಿಕೊಳ್ಳುವ ಒಂದು ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ರೆಕ್ಕೆಗಳು ಎಷ್ಟು ತಿರುಗಿದವು, ಎಲ್ಲಿ ಅದುರಿದವು ಅಂತ ಕಂಪ್ಯೂಟರಿನಲ್ಲಿ ತುಂಬುವುದು ನನ್ನ ಕೆಲಸ. ಹೋದ ವಾರ ಒಂದು ಕಂಬದ ಅದುರುವಿಕೆ ಹೆಚ್ಚಾಗಿತ್ತು. ಕಾರಣ ಏನಿರಬಹುದು ಅಂತ ಚಿತ್ರ ಬರೆದು, ಬಾಣ ಹಾಕಿ ಮೇಲಿನ ಸಾಹೇಬರಿಗೆ ತೋರಿಸಿದೆ. “ಇದೆಲ್ಲ ಬ್ಯಾಡಮ್ಮ, ಅಂಕಿ ತುಂಬಿ ಕಳ್ಸಿಬಿಡು” ಅಂದರು. ಅಂಕಿ ತುಂಬಿ ಕಳಿಸಿದೆ. ಚಿತ್ರವನ್ನೂ ಅದರ ಜೊತೆ ಲಗತ್ತಿಸಿದೆ. ಇನ್ನೂ ಯಾರೂ ತೆರೆದು ನೋಡಿದಂತಿಲ್ಲ.