ನಂಜುಂಡಯ್ಯನವರ ಎಕ್ಸೆಂಟ್ರಿಕ್

ಲಾಕ್‌ಡೌನ್ ಮುಗಿದ ಮರುವರ್ಷ ನಾನು ವೇಮಗಲ್ ಬಳಿಯ ಒಂದು ತರಬೇತಿ ಕೇಂದ್ರದಲ್ಲಿ ಫಿಟ್ಟರ್ ವಿಭಾಗದ ಬೋಧಕಿಯಾಗಿದ್ದೆ. ಪಕ್ಕದ ಟರ್ನಿಂಗ್ ವಿಭಾಗದ ನಂಜುಂಡಯ್ಯನವರಿಗೆ ಅದು ಸೇವೆಯ ಕೊನೆಯ ಆಯುಧಪೂಜೆ. ಎಷ್ಟೋ ಭಾನುವಾರಗಳನ್ನು ಸುರಿದು ಅವರು ಮಾಡಿದ್ದ ಹಿತ್ತಾಳೆಯ ಪುಟ್ಟ ಸ್ಟೀಮ್ ಎಂಜಿನ್ ಅಂದು ಓಡಬೇಕಿತ್ತು. ನೋಡಲು ಅವರ ಪತ್ನಿ ಸರೋಜಮ್ಮ ಶ್ರೀನಿವಾಸಪುರದಿಂದ ಬಂದಿದ್ದರು.

"ನನ್ ಭಾನುವಾರಗಳೆಲ್ಲಾ ಎಲ್ಲಿಗ್ ಹೋದ್ವು ಅಂತ ಇವತ್ತಾದ್ರೂ ನೋಡ್ತೀನಿ," ಎಂದು ಆಕೆ ಕುರ್ಚಿ ಎಳೆದುಕೊಂಡು ಕೂತರು. ನಂಜುಂಡಯ್ಯನವರು ಹಣೆ ಒರೆಸಿಕೊಂಡರು.

ಇಂಥ ಎಂಜಿನ್ನಿನ ಜೀವವೆಲ್ಲ ಎಕ್ಸೆಂಟ್ರಿಕ್‌ನಲ್ಲಿದೆ. ತೂತು ನಡುವಿನಲ್ಲಿರದೆ ಪಕ್ಕಕ್ಕೆ ಸರಿದಿರುವ ಬಿಲ್ಲೆ ಅದು. ಶಾಫ್ಟಿನೊಡನೆ ಓಲಾಡುತ್ತ ತಿರುಗಿ, ವಾಲ್ವನ್ನು ಹಿಂದೆಮುಂದೆ ಸರಿಸಿ, ಹಬೆಯನ್ನು ಹೊತ್ತಿಗೆ ಸರಿಯಾಗಿ ಒಳಗೆ ಬಿಡುತ್ತದೆ. ಅದನ್ನು ಅತ್ತಿತ್ತ ತಿರುಗಿಸಿ ಸರಿಯಾದ ಕೋನ ಹುಡುಕಿ, ಗ್ರಬ್ ಸ್ಕ್ರೂ ಎಂಬ ತಲೆಯಿಲ್ಲದ ಸ್ಕ್ರೂನಿಂದ ಬಿಗಿಯಬೇಕು. ಕೋನ ಖಚಿತವಾದ ಮೇಲೆ ಶಾಫ್ಟಿನಲ್ಲಿ ಸಣ್ಣ ಗುಳಿ ಕೊರೆದು ಚೂಪು ತುದಿಯ ಸ್ಕ್ರೂ ಇಳಿಸಿದರೆ ಮತ್ತೆ ಜಾರುವುದಿಲ್ಲ. ಆದರೆ ಗುಳಿ ತಪ್ಪಿದರೆ ಶಾಫ್ಟೇ ಹಾಳು. ನಾನು ಗುಳಿ ಕೊರೆಯುವ ಮಾತೆತ್ತಿದಾಗಲೆಲ್ಲ ಅವರದು ಒಂದೇ ಉತ್ತರ: "ಇನ್ನೊಂಚೂರು ಅಡ್ಜಸ್ಟ್ ಮಾಡ್ಬೇಕು ಕಣಮ್ಮ."

ಪೂಜೆಗೆಂದು ಅವರು ಭಕ್ತಿಯಿಂದ ಎಂಜಿನ್ ಬಿಚ್ಚಿ, ಶಾಫ್ಟನ್ನು ಫಳಫಳ ಉಜ್ಜಿ, ಎಣ್ಣೆ ಸವರಿ ಜೋಡಿಸಿದ್ದರು. ಮಂಗಳಾರತಿಯಾಯಿತು. ಸ್ಪಿರಿಟ್ ದೀಪ ಹಚ್ಚಿದರು. ಎಂಜಿನ್ ನಾಲ್ಕು ಸುತ್ತು ತಿರುಗಿ, ಕೆಮ್ಮಿ, ನಿಂತಿತು. ಎಣ್ಣೆ ಕುಡಿದ ಶಾಫ್ಟಿನ ಮೇಲೆ ಎಕ್ಸೆಂಟ್ರಿಕ್ ಜಾರಿತ್ತು.

ಬಿಗಿಯೋಣವೆಂದರೆ ಗ್ರಬ್ ಸ್ಕ್ರೂ ತಿರುಗಿಸುವ ಅಲೆನ್ ಕೀ, ಹ್ಯಾಂಡ್ ಡ್ರಿಲ್ ಎಲ್ಲವೂ ಕುಂಕುಮ ಹಚ್ಚಿಸಿಕೊಂಡು ದೇವಿಯ ಮುಂದಿವೆ. ಪೂಜೆಗಿಟ್ಟ ಉಪಕರಣವನ್ನು ಮರುದಿನದವರೆಗೆ ಮುಟ್ಟುವಂತಿಲ್ಲ. ನನ್ನ ಸ್ಕೂಟರಿನ ಟೂಲ್ ಕಿಟ್ಟಿಗೂ ಪೂಜೆಯಾಗಿತ್ತು. ಮುಳಬಾಗಿಲಿನ ಪುರೋಹಿತರ ಮನೆಯ ಮಗಳಾದ ಸರೋಜಮ್ಮ ಎದುರಿಗೇ ಕೂತಿರುವಾಗ ಕೈ ಹಾಕುವ ಧೈರ್ಯ ಯಾರಿಗಿದೆ? ನಂಜುಂಡಯ್ಯನವರ ಮುಖ ನೋಡಿ ನನಗೆ ಸಂಕಟವಾಯಿತು.

"ಯಾಕ್ ಎಲ್ರೂ ನನ್ನೇ ನೋಡ್ತೀರ?" ಎಂದರು ಸರೋಜಮ್ಮ. "ಬೆಳಿಗ್ಗೆ ಈಳಿಗೆಮಣೆಗೂ ಪೂಜೆ ಮಾಡ್ದೆ. ಆಮೇಲೆ ಇವ್ರು ತಿಂದ್ರಲ್ಲ ಕೋಸಂಬರಿ, ಅದಕ್ಕೆ ಸೌತೆಕಾಯಿ ಹೆಚ್ಚಿದ್ದು ಯಾವುದ್ರಲ್ಲಿ? ಅಮ್ಮನೋರು ಏನೂ ಕೇಳ್ಲಿಲ್ಲ. ಕಣ್ಣಿಗೊತ್ಕೊಂಡು ತಗೊಳ್ಳಿ."

ನಂಜುಂಡಯ್ಯನವರಿಗೆ ಹೋದ ಜೀವ ಬಂತು. ದೀಪ ಆರಿಸಿ ಶಾಫ್ಟಿನ ಎಣ್ಣೆಯನ್ನು ಪೂರ್ತಿ ಒರೆಸಿದೆವು. ಫ್ಲೈವೀಲ್ ಎಂಬ ಭಾರದ ಚಕ್ರವನ್ನು ಕೈಯಲ್ಲೇ ತಿರುಗಿಸುತ್ತ, ವಾಲ್ವ್ ಎರಡೂ ಕಡೆ ಸಮನಾಗಿ ತೆರೆಯುವ ಜಾಗ ಹುಡುಕಿ ಬಿಗಿದು, ದೀಪ ಹಚ್ಚಿ ಎಂಜಿನ್ ಹೊರಡುವುದನ್ನು ಖಚಿತಪಡಿಸಿಕೊಂಡು ಮತ್ತೆ ಆರಿಸಿದೆವು. ಬಳಿಕ ಸ್ಕ್ರೂ ತೆಗೆದು, ಎಕ್ಸೆಂಟ್ರಿಕ್ ಅಲುಗದಂತೆ ನಾನು ಹಿಡಿದುಕೊಂಡೆ. ಡ್ರಿಲ್ ತುದಿಯನ್ನು ಸ್ಕ್ರೂವಿನ ತೂತಿಗಿಟ್ಟ ಅವರು ಹಾಗೇ ನಿಂತುಬಿಟ್ಟರು.

"ಸರ್, ಕೊರೀರಿ," ಎಂದೆ.

ಕೊರೆದರು. ಚೂಪು ಸ್ಕ್ರೂ ಗುಳಿಯಲ್ಲಿ ಕಚ್ಚಿ ಕೂತಿತು. ಮತ್ತೆ ಹಬೆಯೇರಿದಾಗ ಎಂಜಿನ್ ಚಿಟಿಚಿಟಿ ಎನ್ನುತ್ತ ಹೊರಟದ್ದು ಸ್ಪಿರಿಟ್ ಮುಗಿಯುವವರೆಗೂ ನಿಲ್ಲಲಿಲ್ಲ. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಸರೋಜಮ್ಮ ಕುರ್ಚಿ ಬಿಟ್ಟೆದ್ದು, ಮೇಜಿಗೆ ಬಾಗಿ ನೋಡುತ್ತಿದ್ದರು.

"ಇನ್ನೊಂದ್ಸಲ ಓಡ್ಸಿ," ಎಂದರು.

ನಂಜುಂಡಯ್ಯನವರ ಕೈ ಮೊದಲು ಹೋದದ್ದು ಅಲೆನ್ ಕೀಯತ್ತ. "ಒಂಚೂರು ಅಡ್ಜಸ್ಟ್ ಮಾಡಿ..."

ಸರೋಜಮ್ಮ ಆ ಕೈ ಹಿಡಿದುಕೊಂಡರು. "ಬಿಡಿ. ಚೆನ್ನಾಗ್ ಓಡ್ತಾ ಇತ್ತಲ್ಲ."

ಕೆಲಸ ತಿದ್ದುವುದನ್ನು ನಾನು ಜೀವಮಾನವೆಲ್ಲ ಕಲಿಸಿದ್ದೇನೆ. ತಿದ್ದುವುದನ್ನು ಎಲ್ಲಿ ನಿಲ್ಲಿಸಬೇಕೆಂದು ಕಲಿತದ್ದು ಅಂದು, ಲೋಹ ಉಜ್ಜುವ ಅರ ಹಿಡಿದೇ ಗೊತ್ತಿಲ್ಲದ ಆಕೆಯಿಂದ.